ಕೆಂಪಕ್ಕನ ಬಾಯಿ ಟಪಾಲು

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯಬಾರದು ಅಂತಲೇ ದೇವರು ಕೆಂಪಕ್ಕನನ್ನು ಅಲ್ಲಿ ಕೂರಿಸಿದ್ದ. ಮುಂದೆ ಬೇಯಿಸಿದ ಕಡಲೆಕಾಯಿಯ ಮಂಕರಿ, ಬಾಯಲ್ಲಿ ಎಲೆಅಡಿಕೆ. ಅವಳು ಒಂದು ಸಲ ಕೂಗಿದಳೆಂದರೆ ಹೊರಟ ಬಸ್ಸೂ ನಿಲ್ಲಬೇಕು. "ಏಯ್ ಕೋಟೆ ಕಂಡಕ್ಟ್ರೇ! ಅಂತರಸಂತೆ ಸಿದ್ದಪ್ಪಂಗೆ ಅವ್ನ ಬಾಮೈದನ ಮಾತು ಏಳು, ಅವ್ನ ಅತ್ತೆಗೆ ಬ್ಯಾದಿ ನಿಂತಿಲ್ವಂತೆ, ನಾಟಿ ಔಸ್ದಿ ತಕ್ಕಂಡು ಬತ್ತಾನಂತಾ ಕೇಳು!" ಬಸ್ಸಿನ ಎರಡೂ ಕಡೆಯ ಕಿಟಕಿಗಳಿಂದ ತಲೆಗಳು ಹೊರಬಂದು ಅಯ್ಯೋ ಪಾಪ ಅನ್ನುತ್ತಿದ್ದವು. ವಾರ ಕಳೆದು ಆ ಅತ್ತೆಯೇ ಸ್ಟ್ಯಾಂಡಿಗೆ ಬಂದಾಗ ಗುರುತು ಪರಿಚಯ ಇಲ್ಲದವರೆಲ್ಲ "ಈಗ ಎಂಗದೆ ಅವ್ವಾ ಒಟ್ಟೆ?" ಅಂತ ವಿಚಾರಿಸಿದ್ದಕ್ಕೆ ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಸ್ಸು ಹತ್ತಿದ್ದಳು.

ಆಗ ನಮ್ಮ ಕಡೆ ಫೋನು ಅಂದರೆ ಸಾಹುಕಾರರ ಮನೆಯ ಶೋಕಿ. ಕಾರ್ಡು ಬರೆದು ಹಾಕಿದರೆ ಅದು ತಲುಪುವಷ್ಟರಲ್ಲಿ ಬಸುರಿ ಹೆತ್ತಾಗಿರುತ್ತಿತ್ತು. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ, ಮೂರು ಕಡೆಯ ಬಸ್ಸುಗಳೂ ಹುಣಸೂರಿನಲ್ಲೇ ಬಂದು ನಿಲ್ಲುತ್ತಿದ್ದುದರಿಂದ ಜನ ಬಂದು ಕೆಂಪಕ್ಕನಿಗೆ ಹೇಳುವರು, ಕೆಂಪಕ್ಕ ಕಂಡಕ್ಟರಿಗೆ ಹೇಳುವಳು, ಕಂಡಕ್ಟರು ಆ ಊರಿನಲ್ಲಿ ಇಳಿಯುವವರಿಗೆ ಹೇಳುವನು. ಟಪಾಲು ಹಂಚುವ ಅಣ್ಣನೇ ಒಂದು ದಿನ ಬಂದು, "ಮೀನು ಸಿಕ್ಕವೆ, ಮಸಾಲೆ ಅರೆದಿಡು" ಅಂತ ಹೆಂಡತಿಗೆ ಇವಳ ಕೈಲಿ ಹೇಳಿ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವಳ ಪದ್ಧತಿ ಮಾತ್ರ ಬಲು ಬಿಗಿ. ಯಾರ ಮಾತು ಅಂತ ಹೆಸರು ಹೇಳದೆ ಮಾತು ಹೊರಡುವಂತಿಲ್ಲ. ಪಿಸುಗುಟ್ಟುವಂತಿಲ್ಲ. ಕಂಡಕ್ಟರು ಕೇಳಿಸಿಕೊಂಡಿದ್ದನ್ನು ತಿರುಗಿ ಹೇಳಿ ಒಪ್ಪಿಸದಿದ್ದರೆ ಬಸ್ಸಿನ ಬಾಗಿಲು ಬಿಡುತ್ತಿರಲಿಲ್ಲ. ಊರಲ್ಲಿ ಆ ಮನುಷ್ಯ ಸಿಗಲಿಲ್ಲವೋ, ಮಾತು ವಾಪಸ್ಸು ಬರಬೇಕು, ಯಾಕೆ ಸಿಗಲಿಲ್ಲ ಅನ್ನುವುದರ ಸಮೇತ. ಹಂಪಾಪುರದ ಗೌಡರೊಬ್ಬರು ಕಾಡಂಚಿನ ಹಾಡಿಯಿಂದ ಬಂದ ಬೊಮ್ಮ ಅನ್ನುವವನನ್ನು ಪಕ್ಕಕ್ಕೆ ತಳ್ಳಿ, ತಮ್ಮದು ಮೊದಲು ಹೇಳು ಅಂದಾಗ, "ನಿಮ್ ಮಾತ್ಗೇನು ಕೊಂಬದಾ ಗೌಡ್ರೇ? ನಿಂತ್ಕಳಿ" ಅಂದಿದ್ದಳು. ಗೌಡರು ನಿಂತರು.

ಬೈಗುಳ ಒಯ್ಯುತ್ತಿರಲಿಲ್ಲ. ಒಬ್ಬ ತನ್ನ ಭಾವಮೈದನನ್ನು ನಾಯಿ ಅಂತ ಬೈದು ಕಳಿಸಲು ಬಂದ. "ನನ್ ಬಾಯೇನು ನಿಮ್ಮೂರ್ ತಿಪ್ಪೆ ಗುಂಡಿಯೇನ್ಲಾ? ಬಸ್ ಚಾರ್ಜ್ ಕೊಟ್ಕಂಡು ಓಗು, ಎದ್ರಿಗ್ ನಿಂತ್ಕಂಡು ಬಯ್ಯಿ, ಅವ್ನೂ ನಾಕ್ ಬುಡ್ತಾನೆ, ಇಸ್ಕಂಡ್ ಬಾ" ಅಂತ ಅಟ್ಟಿದಳು.

ಇಷ್ಟಕ್ಕೆಲ್ಲ ಅವಳು ಒಂದು ಕಾಸು ಮುಟ್ಟಿದವಳಲ್ಲ. ಕಡಲೆಕಾಯಿ ಕೊಳ್ಳಲೇಬೇಕು ಅಂತಲೂ ಇಲ್ಲ. ಅವಳನ್ನು ನೋಡಿಕೊಂಡು ಕೋಟೆಯಲ್ಲಿ ಸೈಕಲ್ ಶಾಪಿನವನೊಬ್ಬ, ಕೆ.ಆರ್. ನಗರದಲ್ಲಿ ಹೂವು ಮಾರುವವಳೊಬ್ಬಳು ಇದೇ ಕೆಲಸ ಶುರುಮಾಡಿದರು. ನಿನ್ನ ವಿದ್ಯೆ ಕದ್ದರಲ್ಲ ಕೆಂಪಕ್ಕ ಅಂತ ಯಾರೋ ಚುಚ್ಚಿದ್ದಕ್ಕೆ, "ಮಾಡ್ಕಳ್ಳಿ ಬುಡು, ಇದೇನು ನಮ್ಮಪ್ಪನ ಮನೆ ಗಂಟಾ?" ಅಂದಳು. ಅಷ್ಟೇ ಅಲ್ಲ, ಹೂವಿನವಳನ್ನು ಕರೆಸಿ ಕೂರಿಸಿಕೊಂಡು, ಎಲ್ಲೆಲ್ಲಿ ಮಾತು ಕೆಡುತ್ತದೆ ಅನ್ನುವುದನ್ನೆಲ್ಲ ಬಾಯಿಬಿಟ್ಟು ಹೇಳಿಕೊಟ್ಟಳು.

ಇಂಥವಳ ಮುಂದೆ ನಾನು ಒಂದು ದಿನ ಹೋಗಿ ನಿಲ್ಲಬೇಕಾಯಿತು. ಸಾಲಿಗ್ರಾಮದಲ್ಲಿ ನನಗೆ ಹೆಣ್ಣು ನೋಡಿದ್ದರು. ಹೆಸರು ರತ್ನ. ಕಾಫಿ ಕೊಟ್ಟು ಒಳಗೆ ಹೋಗುವಾಗ ಬಾಗಿಲ ತೊಲೆಗೆ ಹಣೆ ಹೊಡೆಸಿಕೊಂಡು, ಉಜ್ಜಿಕೊಳ್ಳುತ್ತ ತಾನೇ ನಕ್ಕುಬಿಟ್ಟಳು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅಷ್ಟೇ ಎತ್ತರದ ಬೀದಿ ಬಾಗಿಲಲ್ಲಿ ನಾನು ತಲೆಯೆತ್ತಿಕೊಂಡೇ ಆಚೆ ಬಂದೆ ಅನ್ನುವುದನ್ನು ನಮ್ಮಪ್ಪ ಗಮನಿಸಿದ್ದರು. ಊರಿಗೆ ಬಂದವರೇ, "ಹುಡ್ಗಿ ನಿನ್ಗಿಂತ ನಾಕ್ ಬೆರಳು ಉದ್ದ ಕಣ್ಲಾ. ಜನ ನಗ್ತಾರೆ. ಜಾತ್ಕ ಕೂಡ್ಲಿಲ್ಲ ಅಂತ ಕೆಂಪಕ್ಕನ ಕೈಲಿ ಹೇಳಿ ಕಳ್ಸು. ಪಾಪ, ಸೋಮವಾರ ಅವ್ರ ಮನೆಗೆ ಇನ್ನೊಂದ್ ಕಡೆಯೋರು ಹೆಣ್ ನೋಡಕ್ಕೆ ಬತ್ತಾರಂತೆ" ಅಂದರು. ಅಪ್ಪನ ಎದುರು ಕೆಮ್ಮುವುದಕ್ಕೂ ಅಪ್ಪಣೆ ಕೇಳುವ ಗಂಡು ನಾನು. ತಲೆಯಾಡಿಸಿ ಹುಣಸೂರಿನ ಬಸ್ಸು ಹತ್ತಿದೆ.

"ಸಾಲಿಗ್ರಾಮಕ್ಕೆ ಒಂದ್ ಮಾತದೆ ಕೆಂಪಕ್ಕ."

"ಯಾರ್ ಮಾತು?"

"ನಮ್ಮಪ್ಪಂದು. ಜಾತ್ಕ ಕೂಡ್ಲಿಲ್ಲ, ಬೇರೆ ಗಂಡು ನೋಡ್ಕಳಿ ಅಂತ."

"ಗಂಡು ಯಾರು?"

"ನಾನೇ."

ಎಲೆಅಡಿಕೆ ಮೆಲ್ಲುವುದು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮಪ್ಪನ ಮಾತು ಓಯ್ತದೆ, ಒಂದಕ್ಸರ ಕಮ್ಮಿ ಆಗಕ್ಕಿಲ್ಲ. ನಿಂದೇನಾರಾ ಅದಾ? ಬಸ್ಸು ಒಂಟೋಯ್ತದೆ, ಬಿರ್ರನೆ ಉಸ್ರು."

ನನಗೆ ಒಪ್ಪಿಗೆ ಅಂತ ಗೊಣಗಿದೆ. ಕೇಳಿಸಲಿಲ್ಲ ಅಂದಳು. ಇನ್ನೊಮ್ಮೆ ಅಂದೆ. ಅಷ್ಟರಲ್ಲಿ ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ. ಎಲ್ಲಿತ್ತೋ ಧೈರ್ಯ, "ನಂಗೆ ಆ ಹುಡ್ಗೀನೇ ಬೇಕು ಅಂತ ಹೇಳೂ!" ಎಂದು ಕಿರುಚಿಬಿಟ್ಟೆ. ಸೋಡಾ ಅಂಗಡಿಯ ಕಡೆಯಿಂದ ಒಂದು ಶಿಳ್ಳೆ ಬಂತು.

ಕೆಂಪಕ್ಕ ನಗಲಿಲ್ಲ. ಬಸ್ಸಿನ ಬಾಗಿಲು ಹಿಡಿದು ಮೊದಲು ಅಪ್ಪನ ಮಾತು, ಅಪ್ಪನ ಹೆಸರಿನಲ್ಲಿ. ಆಮೇಲೆ ನನ್ನದು, ನನ್ನ ಹೆಸರಿನಲ್ಲಿ. ಕಂಡಕ್ಟರು ಎರಡನ್ನೂ ಒಪ್ಪಿಸಿದ. ನನ್ನದನ್ನು ಒಪ್ಪಿಸುವಾಗ ಆ ಅಯೋಗ್ಯ ನಾಟಕದವರ ಹಾಗೆ ಎದೆ ಬಡಿದುಕೊಂಡ.

ನಾನು ಊರು ತಲುಪುವ ಮುಂಚೆ ಸುದ್ದಿ ತಲುಪಿತ್ತು. ಅಪ್ಪ ಜಗಲಿಯ ಮೇಲೇ ಕೂತಿದ್ದರು. "ಏನ್ಲಾ, ಹುಣ್ಸೂರ್ನಲ್ಲಿ ಬಾಯ್ ಬಂತಂತೆ ನಿಂಗೆ?" ಅಂದವರು ಮತ್ತೆ ನನ್ನೊಡನೆ ಮಾತೇ ಆಡಲಿಲ್ಲ. ಅವ್ವ ಮಾತ್ರ ನನ್ನ ಮುದ್ದೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದಳು.

ಭಾನುವಾರ ಬಂದರೂ ಉತ್ತರವಿಲ್ಲ. ಮಾರನೆಯ ದಿನ ಸೋಮವಾರ. ಇನ್ನೊಬ್ಬನ ಮುಂದೆ ರತ್ನ ಕಾಫಿ ತಟ್ಟೆ ಹಿಡಿದು ನಿಲ್ಲುವುದೇ ಕಣ್ಣಿಗೆ ಕಟ್ಟುತ್ತಿತ್ತು. ಹುಣಸೂರಿನಿಂದ ಬಂದ ಸಂಜೆಯ ಬಸ್ಸು ನಮ್ಮ ಮನೆಯ ಮುಂದೆಯೇ ಗಕ್ಕನೆ ನಿಂತಿತು. ಕಂಡಕ್ಟರು ಇಳಿದು ಜಗಲಿಯತ್ತ ಕೈಮುಗಿದ. "ಗೌಡ್ರೇ, ಸಾಲಿಗ್ರಾಮದಿಂದ ಎರಡು ಮಾತು. ಒಂದು ಹುಡ್ಗಿ ಅಪ್ಪಂದು: ಜಾತ್ಕ ನಾವು ಕೊಟ್ಟೇ ಇಲ್ವಲ್ಲ, ಎಂಗ್ ಕೂಡ್ದೇ ಓಯ್ತು? ಇನ್ನೊಂದು ಹುಡ್ಗೀದೇ: ಅಸ್ಲು ಇಸ್ಯ ನಂಗೊತ್ತು, ನನ್ ಉದ್ದ ಕಮ್ಮಿ ಮಾಡ್ಕಳಕ್ಕಾಗಕ್ಕಿಲ್ಲ, ಮದ್ವೆ ದಿನ ಅವ್ರು ನಿಂತ್ಕಳಕ್ಕೆ ಒಂದ್ ಮಣೆ ತರ್ಲಿ."

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಅಪ್ಪ ಮೀಸೆ ಒತ್ತಿ ಹಿಡಿದುಕೊಂಡು ತಡೆದರು, ತಡೆದರು, ಕೊನೆಗೆ ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಮಣೆ ನಾವೇ ಮಾಡಿಸ್ಕಂಡ್ ಬತ್ತೀವಿ ಅಂತ ಏಳಪ್ಪಾ. ನನ್ ಮಾತು ಅಂತ್ಲೇ ಏಳು" ಅಂದರು. ನಾನು ಕೊಟ್ಟಿಗೆಗೆ ಹೋಗಿ ಎತ್ತಿನ ಕತ್ತು ತಬ್ಬಿಕೊಂಡು ನಿಂತೆ. ಅಷ್ಟು ಸಂತೋಷ ಮತ್ತೆ ಎಂದೂ ಆಗಿಲ್ಲ.

ಎರಡು ವರ್ಷದ ಮೇಲೆ, ಮಗಳನ್ನು ಎತ್ತಿಕೊಂಡು ನಾನೂ ರತ್ನನೂ ಕೆಂಪಕ್ಕನನ್ನು ನೋಡಲು ಹೋದೆವು. ಅದೇ ಕೊನೆಯ ಭೇಟಿ. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ಬಾಳೆಹಣ್ಣಿನವನಿದ್ದ, ಕೆಂಪಕ್ಕ ತೀರಿಕೊಂಡಳು ಅಂದ. ಆ ಕೊನೆಯ ಭೇಟಿಯ ದಿನ ರತ್ನ ಅವಳಿಗಾಗಿ ನಿಪ್ಪಟ್ಟು ಕರಿದು ತಂದಿದ್ದಳು. ಕಾಲಿಗೆ ನಮಸ್ಕಾರ ಮಾಡಿದೆವು. ಕೆಂಪಕ್ಕ ಕಣ್ಣು ಕಿರಿದು ಮಾಡಿ, "ಯಾರ್ಲಾ ನೀವು?" ಅಂದಳು.

ನನಗೆ ಪೆಚ್ಚಾಯಿತು. ಜಾತಕ, ಅಪ್ಪ, ಕಿರುಚಿದ್ದು, ಮಣೆ, ಎಲ್ಲವನ್ನೂ ಒದರಿದೆ. ಅವಳು ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡಳು.

"ಇರ್ಬೌದು ಬುಡು. ತಲುಪ್ತಲ್ಲ? ತಲುಪಿದ್ ಮ್ಯಾಕೆ ಅದನ್ನ ನಾನ್ಯಾಕ್ ತಲೇಲಿ ಒತ್ಕಂಡಿರ್ಲಿ?"

ಇದೇ ನಮ್ಮ ಮಗಳು ಅಂದೆ. ಮಗುವಿನ ಗಲ್ಲ ಹಿಂಡಿ, ಅದರ ಕೈಗೆ ನಾಲ್ಕು ಕಡಲೆಕಾಯಿ ಕೊಟ್ಟು, ನನ್ನತ್ತ ತಿರುಗಿದಳು.

"ಏನಾರಾ ಮಾತು ಕಳಿಸ್ಬೇಕಾ?"

"ಇಲ್ಲ ಕೆಂಪಕ್ಕ. ಸುಮ್ನೆ ನಿನ್ನ ನೋಡಕ್ಕೆ ಬಂದ್ವಿ."

"ನೋಡಾಯ್ತಲ್ಲ," ಅಂದಳು, "ಜಾಗ ಬುಡಿ, ಇಂದೆ ಜನ ನಿಂತವ್ರೆ."