ತೂಕಕ್ಕೆ ಬಾರದ ನಾಲ್ಕು ಕೂಸುಗಳು

ಯಲವಿಗಿಯಲ್ಲಿ ಪ್ಯಾಸೆಂಜರ್ ಗಾಡಿಯಿಂದ ಇಳಿದಾಗ ಬೆಳಗಿನ ಎಂಟು ಗಂಟೆ. ಎಪ್ಪತ್ತರ ದಶಕದ ಕೊನೆಯ ಚಳಿಗಾಲ. ಹೆಗಲಲ್ಲಿ ತಕ್ಕಡಿ, ಕಿಸೆಯಲ್ಲಿ ನಾಲ್ಕು ಕೂಸುಗಳ ವಿಳಾಸ. ಸಂಖ್ಯಾಶಾಸ್ತ್ರ ಓದಿದ ನನಗೆ ಇದು ಮೊದಲ ಕೆಲಸ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆರು ತಿಂಗಳು ದಾಟಿದ ಕೂಸುಗಳಿಗೆ ಎದೆಹಾಲಿನ ಜೊತೆ ಕೊಡುವ ಹೊಸ ಹಿಟ್ಟಿನ ಪರೀಕ್ಷೆ ನಡೆದಿತ್ತು. ಚೀಟಿ ಎತ್ತಿ ಅರ್ಧ ಕೂಸುಗಳಿಗೆ ಕೆಂಪು ಗೆರೆಯ ಪಾಕೀಟು, ಉಳಿದವಕ್ಕೆ ನೀಲಿ ಗೆರೆಯದು ಕೊಟ್ಟಿದ್ದರು. ಹೊಸ ಹಿಟ್ಟು ಯಾವುದರಲ್ಲಿ, ಹಳೆಯದು ಯಾವುದರಲ್ಲಿ ಎಂಬುದು ಧಾರವಾಡದ ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಕಡೆಯ ತೂಕಕ್ಕೆ ಈ ನಾಲ್ಕು ಬಂದಿರಲಿಲ್ಲ.

ಸವಣೂರಿನಲ್ಲಿ ನರ್ಸ್ ಶಾಂತಕ್ಕ ಜೊತೆಯಾದರು. ಖಾರಾ ತಿಂದು ಚಹಾ ಕುಡಿಯುವಾಗ ಕೇಳಿದರು: "ಇವು ಪಾಕೀಟ ತಿನ್ನೂದ ಬಿಟ್ಟಾವ್ರಿ ಸಾಹೇಬ್ರ. ಹೆಸರು ಹೊಡದ ಹಾಕಿದ್ರ ಮುಗೀತಲ್ಲ, ಯಾಕ ಅಲೀಬೇಕು?"

"ತಿನ್ಲಿ, ಬಿಡ್ಲಿ, ಯಾವ ಬಣ್ಣ ಬಂದಿತ್ತೋ ಆ ಗುಂಪಿನಾಗ ಎಣಿಸಬೇಕ್ರಿ ಅಕ್ಕಾರ. ಯಾಕ ಬಿಟ್ವು ಅನ್ನೂದೂ ಗೊತ್ತಾಗಬೇಕು."

ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಬಂದರು.

ಸವಣೂರಿನಲ್ಲೇ ಇದ್ದ ಮೊದಲ ಕೂಸನ್ನು ತೂಗಿದೆವು. ತಾಯಿ "ಒಲ್ಲೆ ಅಂತೈತ್ರಿ" ಎಂದಷ್ಟೇ ಹೇಳಿದಳು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಹುಲಗೂರು ಮುಟ್ಟಿದೆವು. ಅಲ್ಲಿಯ ತಾಯಿ ಮಾಬೂಬಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟು, ನಾವು ಉಂಡ ಮೇಲೆ ಬಾಯಿಬಿಟ್ಟಳು.

"ಪಾಕೀಟ ತಿನಿಸಿದ ಮೂರನೇ ದಿನಕ್ಕ ಕೂಸಿಗೆ ಭೇದಿ ಹತ್ತಿತ್ರಿ. ಹೇಳಿದ್ರ ನಿಮಗ ಬ್ಯಾಸರ ಆಗ್ತೈತಂತ ಸುಮ್ಮನಿದ್ದೆ."

ಕೂಸು ಈಗ ಗಟ್ಟಿಯಾಗಿತ್ತು, ತೂಕ ಮಾತ್ರ ಇನ್ನೂ ಕಡಿಮೆ. ಪಾಕೀಟು ಕೆಂಪು. ಮರುದಿನ ಹಾನಗಲ್ಲಿನಲ್ಲೂ ಅದೇ ಮಾತು, ಅದೇ ಬಣ್ಣ. ಶಾಂತಕ್ಕ ರಸ್ತೆಯಲ್ಲೇ ನಿಂತರು.

"ಸವಣೂರಿಂದೂ ಕೆಂಪ ಅಲ್ರಿ?"

"ಹೌದ್ರಿ."

"ನಾವು ಬರದಿದ್ರ ಇದು ತಿಳೀತಿದ್ದಿಲ್ರಿ."

ಹಿರೇಕೆರೂರಿನಲ್ಲಿ ಅಂದು ಸಂತೆ. ತವರಿಗೆ ಬಂದಿದ್ದ ನಾಲ್ಕನೆಯ ತಾಯಿ ಮೆಣಸಿನಕಾಯಿ ರಾಶಿಯ ಪಕ್ಕ ಸಿಕ್ಕಳು. ಊರು ಬಿಟ್ಟಿದ್ದಕ್ಕೆ ಪಾಕೀಟು ನಿಂತಿತ್ತು, ಅಷ್ಟೆ. ಬಣ್ಣ ನೀಲಿ. ನಾಲ್ಕೂ ಕೆಂಪಾಗಲಿಲ್ಲವೆಂದು ನನಗೆ ನಿರಾಸೆಯಾಯಿತು, ಆಮೇಲೆ ಆ ನಿರಾಸೆಗೇ ನಾಚಿಕೆಯಾಯಿತು. ಕಂಡದ್ದನ್ನು ಕಂಡಂತೆ ಬರೆದುಕೊಂಡೆ.

ಹಾವೇರಿ ಬಸ್ಸು ಹಿಡಿದು ಧಾರವಾಡಕ್ಕೆ ಮರಳಿದೆ. ತೂಕಗಳನ್ನೆಲ್ಲ ಕೂಡಿಸಿದ ಮೇಲೆಯೇ ಆ ಒಬ್ಬರು ಬಣ್ಣದ ಗುಟ್ಟು ಹೇಳಿದರು: ಕೆಂಪೇ ಹೊಸ ಹಿಟ್ಟು. ಈ ನಾಲ್ಕನ್ನು ಬಿಟ್ಟರೆ ಅದು ಗೆದ್ದಂತೆ ಕಾಣುತ್ತಿತ್ತು. ಕೆಂಪಿನ ಈ ಕಡಿಮೆ ತೂಕಗಳನ್ನು ಸೇರಿಸಿದರೆ ಗೆಲುವು ಅನುಮಾನ. ನಮ್ಮ ಮುಖ್ಯಸ್ಥರು ಹಳ್ಳಿಗಳಿಗೆ ಹೊರಟಿದ್ದ ಪಾಕೀಟುಗಳನ್ನು ತಡೆದು, ಹಿಟ್ಟನ್ನು ಮತ್ತೆ ಪರೀಕ್ಷಿಸಲು ಹೇಳಿದರು.

ನಾನು ಮಾಬೂಬಿಗೆ ಕಾರ್ಡು ಬರೆದೆ: "ನೀವು ಹೇಳಿದ್ದು ಚಲೋ ಆತ್ರಿ."