ಒಮ್ಮೆ ಹೇಳಿ ಸುಮ್ಮನಾದ ಯಂತ್ರ

ಕಚೇರಿಯಲ್ಲಿ ಅವಳನ್ನು ಕತ್ತರಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆ ಇತ್ತು. ಇಪ್ಪತ್ತೊಂದು ವರ್ಷ ಅವಳು ಮಾಡಿದ ಕೆಲಸ ಮಾತು ಕಡಿಮೆ ಮಾಡಿಸುವುದು. ಮನುಷ್ಯರದ್ದಲ್ಲ, ಯಂತ್ರಗಳದ್ದು.

ಅವಳ ಕಂಪನಿ ದೊಡ್ಡ ಕಂಪ್ಯೂಟರುಗಳನ್ನೂ ಅವುಗಳನ್ನು ಆಡಿಸುವ ತಂತ್ರಾಂಶವನ್ನೂ ತಯಾರಿಸುತ್ತಿತ್ತು. ಆ ತಂತ್ರಾಂಶದ ತೀರಾ ಒಳಗಿನ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಫ್ಯಾನು, ಡಿಸ್ಕು, ಮೆಮೊರಿ, ಯಾವುದಕ್ಕೆ ಏನಾದರೂ ಮೊದಲು ತಿಳಿಯುವುದು ಅದಕ್ಕೆ. ತಿಳಿದದ್ದನ್ನೆಲ್ಲ ಅದು ಲಾಗ್ ಎಂಬ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಹೇಗೆ ಬರೆಯಬೇಕು ಎಂಬ ಅಂಕೆ ಮೊದಲು ಇರಲಿಲ್ಲ. ಅವಳು ಕೆಲಸಕ್ಕೆ ಸೇರಿದಾಗ ಒಂದು ಡಿಸ್ಕು ಮುನಿಸಿಕೊಂಡರೆ ಹದಿನಾಲ್ಕು ಸಾಲು ಬರುತ್ತಿತ್ತು. ಅದರಲ್ಲಿ ಹದಿಮೂರು ಬರೀ ಅಂಕಿಗಳು. ಬರೆದ ಎಂಜಿನಿಯರನ ಹೊರತು ಇನ್ನಾರಿಗೂ ಅರ್ಥವಾಗದವು. ಅವಳು ಅದನ್ನು ಒಂದು ಸಾಲಿಗೆ ತಂದಳು: ಯಾವ ಡಿಸ್ಕು, ಏನಾಗಿದೆ. ಹೀಗೆ ಒಂದೊಂದಾಗಿ, ಸಾವಿರಾರು.

ಇಷ್ಟು ಹಟ ಅವಳಿಗೆ ಬಂದದ್ದು ಭಾವನಿಂದ. ತಾಯಿ ತೀರಿಕೊಂಡಾಗ ಅವಳಿಗೆ ಹದಿಮೂರು ವರ್ಷ. ಅಕ್ಕ ತನ್ನ ಮನೆಗೆ ಕರೆದುಕೊಂಡು ಬಂದಳು. ಅಕ್ಕನ ಗಂಡ ಒಂದು ಭಾನುವಾರ ಕೆಟ್ಟ ರೇಡಿಯೋವನ್ನು ಅವಳ ಮುಂದಿಟ್ಟು, ಬಿಚ್ಚು ಎಂದರು. ಬಿಚ್ಚಿದಳು. ತಿರುಗಿ ಜೋಡಿಸಲು ಮೂರು ವಾರ ಹಿಡಿಯಿತು. ಅಷ್ಟು ದಿನ ಮನೆಯಲ್ಲಿ ರೇಡಿಯೋ ಇಲ್ಲದಿದ್ದರೂ ಅವರು ಒಂದು ಸಲವೂ ಮುಗಿಯಿತೇ ಎಂದು ಕೇಳಲಿಲ್ಲ.

ಭಾವ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಆಳೆತ್ತರದ ಕಬ್ಬಿಣದ ಕಪಾಟು, ಅದರೊಳಗೆ ಇವಳ ಕಂಪನಿಯದೇ ಯಂತ್ರ. ರೋಗಿಗಳ ಕಣ್ಣಿನ ಒಳಪದರದ ಚಿತ್ರಗಳೆಲ್ಲ ಅದರಲ್ಲಿ. ಪ್ರತಿ ಸೋಮವಾರ ಬೆಳಗ್ಗೆ ಭಾವ ಇಡೀ ವಾರದ ಲಾಗನ್ನು ಓದುತ್ತಿದ್ದರು. ಹೊಸ ತೊಂದರೆ ಕಂಡರೆ ಕಪಾಟು ತೆರೆದು ನೋಡಿ, ಹಸಿರು ಶಾಯಿಯಲ್ಲಿ ನೋಟುಬುಕ್ಕಿಗೆ ಇಳಿಸುವುದು. ಮುಂದಿನ ಸೋಮವಾರವೂ ಅದು ಬಂದಿದ್ದರೆ ಯಂತ್ರ ನಿಲ್ಲಿಸಿ ರಿಪೇರಿ. ಬಂದಿರದಿದ್ದರೆ ತಾನಾಗಿ ಸರಿಹೋಯಿತೆಂದು ಎದುರಿಗೆ ಒಂದು ಸರಿಗುರುತು. ಹದಿನೆಂಟು ವರ್ಷ ಈ ಲೆಕ್ಕ ತಪ್ಪಿರಲಿಲ್ಲ.

ಅವರಿಗಿದ್ದ ದೂರು ಒಂದೇ. ಫ್ಯಾನಿನ ವೇಗ ಚೂರು ಕುಂದಿದರೂ ಯಂತ್ರ ನಿಮಿಷಕ್ಕೊಂದು ಸಾಲು ಬರೆಯುತ್ತಿತ್ತು. ವಾರಕ್ಕೆ ಹತ್ತು ಸಾವಿರ. ಅವುಗಳ ನಡುವೆ ಬೇರೆ ಮುಖ್ಯ ಸಾಲುಗಳನ್ನು ಹೆಕ್ಕುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅದನ್ನು ಎತ್ತಿದರು.

“ನಿನ್ನ ಯಂತ್ರ ನಿಮ್ಮಕ್ಕನ ಹತ್ರ ಟ್ಯೂಷನ್‌ಗೆ ಬಂದಿತ್ತೇನೇ? ಹೇಳಿದ್ದನ್ನೇ ಹೇಳ್ತಾ ಇರತ್ತೆ.”

ಅಕ್ಕ ಸೌಟನ್ನು ಹಾಗೇ ಹಿಡಿದು, “ಒಂದೇ ಸಲಕ್ಕೆ ಕೇಳೋ ಕಿವಿ ಇದ್ದಿದ್ರೆ ನಾನ್ಯಾಕೆ ಎರಡು ಸಲ ಹೇಳ್ತಿದ್ದೆ?” ಎಂದಳು.

ಮೂವರೂ ನಕ್ಕರು. ಕತ್ತರಿ ಆ ವಾರವೇ ಕೆಲಸಕ್ಕೆ ಕೂತಳು. ಫ್ಯಾನು ನಿಧಾನವಾದರೆ ಯಂತ್ರ ಒಮ್ಮೆ ಹೇಳಬೇಕು, ಅಷ್ಟೇ. ಪೂರ್ತಿ ನಿಂತರೆ ಮಾತ್ರ ಮತ್ತೆ ಬಾಯಿ ತೆರೆಯಬೇಕು. ಬಿಸಿಯ ಎಚ್ಚರಿಕೆಯನ್ನೂ ಅದೇ ಅಚ್ಚಿಗೆ ಹಾಕಿದಳು. ಲಾಗ್ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ವಿಭಾಗದ ಮುಖ್ಯಸ್ಥ ಸಭೆಯಲ್ಲಿ ಎಲ್ಲರೆದುರು ಹೊಗಳಿದ. ಬದಲಾವಣೆಗಳ ಪಟ್ಟಿ ಗ್ರಾಹಕರಿಗೆ ಹೋಯಿತು. ನಲವತ್ತು ಪುಟದ ಪಟ್ಟಿಯಲ್ಲಿ ಇದು ಇಪ್ಪತ್ತಾರನೆಯ ಪುಟದ ಒಂದು ಸಾಲು.

ಭಾವನಿಗೆ ಅವಳು ಫೋನಿನಲ್ಲಿ, ನಿಮ್ಮ ಕಾಟ ತಪ್ಪಿಸಿದ್ದೇನೆ, ಇನ್ನು ಆರಾಮಾಗಿ ಓದಿ ಎಂದಳು. ಹೇಗೆ ತಪ್ಪಿಸಿದೆ ಎಂದು ಹೇಳಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದೇ ತೋರಲಿಲ್ಲ.

ಹೊಸ ತಂತ್ರಾಂಶ ಆಸ್ಪತ್ರೆಗೆ ಬಂದ ಎರಡು ತಿಂಗಳಿಗೆ ಕಪಾಟಿನ ಎಂಟು ಫ್ಯಾನುಗಳಲ್ಲಿ ಎರಡು ಅರ್ಧ ವೇಗಕ್ಕೆ ಇಳಿದವು. ಯಂತ್ರ ಒಂದು ಸಾಲು ಬರೆಯಿತು. ಮರುದಿನ ಬಿಸಿ ಹೆಚ್ಚಿದೆ ಎಂದು ಇನ್ನೊಂದು. ಸೋಮವಾರ ಭಾವ ಎರಡನ್ನೂ ಓದಿದರು, ಕಪಾಟು ತೆರೆದು ನೋಡಿದರು, ಫ್ಯಾನುಗಳೆಲ್ಲ ತಿರುಗುತ್ತಿದ್ದವು. ಎರಡು ಸಾಲನ್ನೂ ಬರೆದುಕೊಂಡರು. ಮುಂದಿನ ಸೋಮವಾರ ಲಾಗ್‌ನಲ್ಲಿ ಆ ಸುದ್ದಿಯೇ ಇರಲಿಲ್ಲ. ಸರಿಗುರುತು ಹಾಕಿದರು.

ನಾಲ್ಕು ತಿಂಗಳು ಡಿಸ್ಕುಗಳು ಸದ್ದಿಲ್ಲದೆ ಬೆಂದವು. ಒಂದು ಗುರುವಾರ ಬೆಳಗ್ಗೆ ವೈದ್ಯರ ಪರದೆಯ ಮೇಲೆ ಚಿತ್ರಗಳು ಬರಲಿಲ್ಲ. ಚಿತ್ರಗಳ ನಕಲು ತೆಗೆದಿಡುವ ಡಿಸ್ಕುಗಳನ್ನೂ ಆಸ್ಪತ್ರೆಯವರು ಜಾಗ ಉಳಿಸಲೆಂದು ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಿಸಿದ್ದರು. ಒಂಬತ್ತು ವರ್ಷದ ಚಿತ್ರಗಳು ಹೋದವು. ಕಣ್ಣಿನ ರೋಗ ಬೆಳೆದಿದೆಯೇ ನಿಂತಿದೆಯೇ ಎಂದು ತಿಳಿಯುವುದು ಹಳೆಯ ಚಿತ್ರವನ್ನು ಹೊಸದರ ಪಕ್ಕದಲ್ಲಿಟ್ಟು. ಪಕ್ಕದಲ್ಲಿಡಲು ಈಗ ಏನೂ ಇರಲಿಲ್ಲ.

ಆಸ್ಪತ್ರೆ ವಿಚಾರಣೆಗೆ ಕೂತಿತು. ಕಂಪನಿಗೆ ಒಂದು ಪ್ರಶ್ನೆ ಕಳಿಸಿತು: ತೊಂದರೆಯನ್ನು ಯಂತ್ರ ತಿಳಿಸಿತ್ತೇ? ಮುಖ್ಯಸ್ಥ ಆ ಕಾಗದವನ್ನು ಕತ್ತರಿಯ ಮೇಜಿಗೆ ತಂದ. ಅವನಿಗೆ ಭಾವನ ಸಂಬಂಧ ತಿಳಿಯದು. ಕಾಗದದ ಜೊತೆ ನೋಟುಬುಕ್ಕಿನ ಒಂದು ಹಾಳೆಯ ನಕಲು ಇತ್ತು. ನಕಲಿನಲ್ಲಿ ಹಸಿರು ಶಾಯಿ ಬೂದಾಗಿತ್ತು, ಕೈಬರಹ ಅವಳು ಹದಿಮೂರರಿಂದ ಬಲ್ಲದ್ದು. ಎರಡು ಸಾಲು, ಎದುರಿಗೆ ಸರಿಗುರುತು. ಆಸ್ಪತ್ರೆಯವರು ಅದನ್ನು ಓದಿದ್ದು ಹೀಗೆ: ಎಚ್ಚರಿಕೆಯನ್ನು ಕಂಡೂ ಈತ ಕೈಕಟ್ಟಿ ಕೂತ.

“ಹೌದು ಅಥವಾ ಇಲ್ಲ, ಅಷ್ಟು ಬರೆದುಕೊಡಿ ಮೇಡಂ,” ಎಂದ ಮುಖ್ಯಸ್ಥ. “ಪುರಾಣ ಬೇಡ.”

ಆ ಸರಿಗುರುತು ಯಾಕೆ ಬಿತ್ತು ಎಂಬುದು ಅವಳಿಗೆ ನೋಡಿದ ಕ್ಷಣವೇ ಹೊಳೆಯಿತು. ಮತ್ತೆ ಮತ್ತೆ ಹೇಳುವುದೂ ಒಂದು ಸುದ್ದಿಯೇ ಆಗಿತ್ತು, ಅವಳು ಅದನ್ನು ಗದ್ದಲವೆಂದು ಕತ್ತರಿಸಿ ಎಸೆದಿದ್ದಳು. ಮೂರು ಪ್ಯಾರಾ ಬರೆದಳು. ಓದಿದಳು. ಕೆಲಸ ಹೋಗುವ ಭಯ ಅವಳಿಗಿರಲಿಲ್ಲ, ಅಷ್ಟಕ್ಕೆಲ್ಲ ಯಾರೂ ಅವಳನ್ನು ತೆಗೆಯುತ್ತಿರಲಿಲ್ಲ. ಆದರೆ ಇದೊಂದನ್ನು ಒಪ್ಪಿಕೊಂಡರೆ ಇಪ್ಪತ್ತೊಂದು ವರ್ಷ ಕತ್ತರಿಸಿದ ಒಂದೊಂದು ಸಾಲನ್ನೂ ಹೊರಗೆ ತೆಗೆದು ಜಾಲಾಡುತ್ತಾರೆ. ಇದನ್ನು ಹೇಗೆ ಬಿಟ್ಟಿರಿ, ಅದನ್ನು ಯಾಕೆ ತೆಗೆದಿರಿ ಎಂದು ನಿನ್ನೆ ಮೊನ್ನೆ ಬಂದವರು ಕೇಳುತ್ತಾರೆ. ಮೂರೂ ಪ್ಯಾರಾ ಅಳಿಸಿದಳು. ‘ಹೌದು. ಎರಡೂ ಎಚ್ಚರಿಕೆಗಳು ಸಕಾಲಕ್ಕೆ ದಾಖಲಾಗಿವೆ’ ಎಂದು ಬರೆದು ಸಹಿ ಹಾಕಿದಳು. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ನಿವೃತ್ತಿಗೆ ಒಂದೂವರೆ ವರ್ಷ ಉಳಿದಿರುವಾಗ ಭಾವನನ್ನು ಕೆಲಸದಿಂದ ತೆಗೆದರು. ನಿರ್ಲಕ್ಷ್ಯ ಎಂದು ಪತ್ರದಲ್ಲಿ ಬರೆದಿತ್ತು.

ಹತ್ತು ದಿನ ಬಿಟ್ಟು ಅವಳು ಅಕ್ಕನ ಮನೆಗೆ ಹೋದಳು. ಹೇಳಿಬಿಡಬೇಕೆಂದೇ ಹೋದದ್ದು. ಭಾವ ನಡುಮನೆಯಲ್ಲಿ ಕೂತಿದ್ದರು. ಕೆಲಸದ ದಿನ ಆ ಹೊತ್ತಿಗೆ ಅವರನ್ನು ಮನೆಯಲ್ಲಿ ಅವಳು ಕಂಡದ್ದೇ ಇಲ್ಲ. ಅಕ್ಕ ಅಡುಗೆಮನೆಯಲ್ಲಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ಸಣ್ಣ ದನಿಯಲ್ಲಿ ಶುರುಮಾಡಿದರು.

“ನಿಮ್ಮ ಪಟ್ಟೀಲಿ ಇಪ್ಪತ್ತಾರನೇ ಪುಟ. ವಿಚಾರಣೆ ಹಿಂದಿನ ದಿನ ಸಿಕ್ತು.”

ಹಾಗಾದರೆ ಅಲ್ಲಿ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು.

“ಹೇಳಿದ್ದನ್ನೇ ಹೇಳತ್ತೆ ಅಂತ ದೂರಿದ್ದು ನಾನೇ ಅಲ್ವಾ? ಹೇಳಿದ್ರೆ ನಿನ್ನ ಕುತ್ತಿಗೆಗೆ ಬರ್ತಿತ್ತು.” ಅಡುಗೆಮನೆಯ ಕಡೆ ಒಮ್ಮೆ ನೋಡಿ ಹೇಳಿದರು, “ಆಮೇಲೆ, ನಿಮ್ಮ ಕಂಪನಿಯನ್ನ ಕೇಳಿದಾರೆ ಅಂತ ಗೊತ್ತಾಯ್ತು. ನೀನೇ ಬರೀತೀಯ ಅಂದ್ಕೊಂಡೆ.”

ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳು ಕೂರಲಿಲ್ಲ. “ಅದೇ ಕಂಪನೀಲಿ ಕೂತಿದ್ದೀಯಲ್ಲೇ. ಸಾಕಿದವರಿಗೋಸ್ಕರ ಒಂದು ಮಾತು ಹಾಕೋಕೆ ಆಗ್ಲಿಲ್ವಾ ನಿಂಗೆ?”

“ನನ್ನನ್ನ ಯಾರೂ ಕೇಳ್ಲಿಲ್ಲ ಅಕ್ಕಾ.”

ಭಾವ ತಲೆಯೆತ್ತಿ ಅವಳನ್ನು ನೋಡಿದರು. ಫ್ಯಾನಿನ ಸಾಲುಗಳ ಬಗ್ಗೆ ಆ ಕಂಪನಿಯಲ್ಲಿ ಕೇಳುವುದಾದರೆ ಅವಳೊಬ್ಬಳನ್ನೇ ಕೇಳಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಎಂಬುದು ಅವಳಿಗೂ ಗೊತ್ತಿತ್ತು. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿದರು.

“ಅವಳ ಮೇಲ್ಯಾಕೆ ರೇಗ್ತೀಯ? ದೊಡ್ಡ ಕಂಪನಿ, ಕೇಳಿರಲ್ಲ ಬಿಡು.”

ಅಕ್ಕನ ಮುಖ ಇಳಿಯಿತು. ಏನೋ ಸಂಕಟಕ್ಕೆ ಬಾಯಿಗೆ ಬಂತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಣೇ ಎಂದು ತಂಗಿಯ ತೋಳು ಸವರಿದಳು. ಉಂಡೇ ಹೋಗಬೇಕೆಂದು ಹಟ ಹಿಡಿದು ಕೂರಿಸಿ ಬಡಿಸಿದಳು. ಭಾವ ಹಸಿವಿಲ್ಲವೆಂದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕತ್ತರಿ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಅಕ್ಕ ಎರಡನೆಯ ಸಲ ಬಡಿಸಿದಾಗಲೂ ಬೇಡವೆನ್ನಲಿಲ್ಲ.