ಭಾವನ ದೋಣಿಯ ಪೆಟ್ರೋಲ್ ಟ್ಯಾಂಕು

ಕಣೇಕಲ್ಲು ಕೆರೆಯಲ್ಲಿ ನಿಂತಿದ್ದ ಭಾವನ ಮೋಟಾರು ದೋಣಿಗೆ ಕಾಲಿಟ್ಟ ಕೂಡಲೇ ನನಗೆ ಪೆಟ್ರೋಲ್ ವಾಸನೆ ಬಡಿಯಿತು. ಭಾವನಿಗೆ ಬಡಿಯಲಿಲ್ಲ. ಕೊರೊನಾ ಬಂದು ಹೋದ ಮೇಲೆ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅದನ್ನು ಅವರು ಒಪ್ಪುತ್ತಲೂ ಇರಲಿಲ್ಲ.

ರಾಯದುರ್ಗದಲ್ಲಿ ಅವರದು ಜೀನ್ಸ್ ಹೊಲಿಯುವ ಮನೆತನ. ಭಾವ ಕಟಿಂಗ್ ಮಾಸ್ಟರು. ಯಾವುದೋ ಜಲಾಶಯದಲ್ಲಿ ಓಡಿ ಹಳತಾಗಿದ್ದ ಫೈಬರ್ ದೋಣಿಯನ್ನು ಕೊಂಡು, ಭಾನುವಾರ ಬರುವ ಜನರನ್ನು ಕೆರೆಯಲ್ಲಿ ಒಂದು ಸುತ್ತು ಕರೆದೊಯ್ಯುತ್ತಿದ್ದರು. ಅಕ್ಕನ ನೆಮ್ಮದಿ ಹೋದದ್ದು ಅದರಿಂದ. ಫೋನಿನಲ್ಲಿ ಅವಳು ಹೇಳಿದ್ದಿಷ್ಟು: "ಅದ್ರಾಗ ಕೂಸುಗಳು ಕೂಡ್ತಾವ. ಒಂದಿನ ಎಲ್ಲಾ ಹತ್ತಿ ಉರಿತೈತಿ. ನಾ ಹೇಳಿದ್ರ ಕೇಳಂಗಿಲ್ಲ, ನೀನಾದ್ರೂ ಬಾ."

ನಾನು ಮಡಕಶಿರಾದಲ್ಲಿ ಪತ್ರಿಕೆಯೊಂದರ ವರದಿಗಾರ. ವಾಸನೆ ಬಂತು ಎಂದಷ್ಟೇ ಬರೆದರೆ ನಮ್ಮಲ್ಲಿ ಸುದ್ದಿಯಾಗುವುದಿಲ್ಲ. ಹಾಗಾಗಿ ಬಟ್ಟೆಯ ತುಂಡೊಂದನ್ನು ದೋಣಿಯ ತಳಕ್ಕೆ ಒತ್ತಿ, ಕೆರೆ ನೀರು ತುಂಬಿದ ಬಕೆಟ್ಟಿಗೆ ಹಿಂಡಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು.

"ಏನ್ರಿ ಪೇಪರಿನೋರು, ಸಾಕ್ಷಿ ಸಮೇತ ಬಂದೀರಿ" ಎಂದರು ಭಾವ. ನಗಲಿಲ್ಲ.

ಟ್ಯಾಂಕು ದೋಣಿಯ ಹೊಟ್ಟೆಯೊಳಗಿತ್ತು. ದೋಣಿ ಕಟ್ಟುವಾಗಲೇ ಅದನ್ನು ತಳದಲ್ಲಿ ಕೂರಿಸಿ, ಸುತ್ತ ಫೋಮ್ ತುಂಬಿ, ಮೇಲೆ ನೆಲ ಮುಚ್ಚಿಬಿಟ್ಟಿದ್ದರು. ತೆಗೆಯಬೇಕಾದರೆ ನೆಲವನ್ನೇ ಕೊಯ್ಯಬೇಕು. ದೋಣಿಯನ್ನು ದಡಕ್ಕೆಳೆದು, ಬ್ಯಾಟರಿ ಬಿಚ್ಚಿ, ಪೆಟ್ರೋಲನ್ನು ಕೈಪಂಪಿನಿಂದ ಕ್ಯಾನುಗಳಿಗೆ ಇಳಿಸಿ, ಗಾಳಿಗೆ ಬಿಟ್ಟೆವು. ಗ್ರೈಂಡರ್ ಹಚ್ಚಿದರೆ ಕಿಡಿ ಹಾರುತ್ತದೆ, ಕೈಗರಗಸವೇ ಗತಿ. ಭಾವ ಬಟ್ಟೆಗೆ ಎಳೆಯುವ ಹಾಗೆ ಸೀಮೆಸುಣ್ಣದ ಗೆರೆ ಎಳೆದು, ಅದರ ಮೇಲೇ ಕೊಯ್ದರು. ಅಲ್ಯುಮಿನಿಯಂ ಟ್ಯಾಂಕಿನ ತಳ, ನೀರು ಹೀರಿದ ಫೋಮಿಗೆ ಒತ್ತಿಕೊಂಡಿದ್ದಲ್ಲಿ, ಸೂಜಿಯಿಂದ ಚುಚ್ಚಿದಂತೆ ತೂತು ಬಿದ್ದಿತ್ತು.

"ತೂತು ಕಣ್ಣಿಗೆ ಕಾಣಸ್ತೈತಿ ಬಿಡ್ರಿ" ಎಂದರು. ಮೂಗಿನ ಮಾತು ಎತ್ತಲಿಲ್ಲ.

ಹೊಸ ಟ್ಯಾಂಕಿನ ಅಳತೆಯನ್ನೂ ಅವರೇ ತೆಗೆದರು. ಪ್ಯಾಂಟಿಗೆ ಮಾಡುವಂತೆ ಕಂದು ಕಾಗದದಲ್ಲಿ ಒಂದೊಂದು ಬದಿಗೂ ಒಂದು ಪ್ಯಾಟರ್ನ್ ಕತ್ತರಿಸಿದರು. ಬಳ್ಳಾರಿಯ ವೆಲ್ಡಿಂಗ್ ಅಂಗಡಿಯವನು ಕಾಗದದ ಅಂಚಿಗೆ ಸರಿಯಾಗಿ ತಗಡು ಕತ್ತರಿಸಿ ಬೆಸೆದುಕೊಟ್ಟ. ತಂದು ಇಳಿಸಿದರೆ ಟ್ಯಾಂಕು ಒಳಗೆ ಹೋಗಲೇ ಇಲ್ಲ. ಭಾವ ಟೇಪು ಹಿಡಿದು ನೋಡಿ ಹಣೆ ಒತ್ತಿಕೊಂಡರು. ಎಲ್ಲ ಅಂಚಿಗೂ ಹೊಲಿಗೆಗೆಂದು ಅರ್ಧ ಇಂಚು ಹೆಚ್ಚು ಬಿಟ್ಟಿದ್ದರು. ಕೈ ತನ್ನ ರೂಢಿಯ ಕೆಲಸ ತಾನು ಮಾಡಿತ್ತು.

ವೆಲ್ಡಿಂಗಿನವನು ಫೋನಿನಲ್ಲಿ ನಕ್ಕ: "ಮಾಸ್ಟರೇ, ಟ್ಯಾಂಕಿಗೆ ಜೇಬೂ ಇಡಬೇಕಿತ್ತೇನ್ರಿ?"

"ಜಿಪ್ಪೂ ಇಡೋ" ಎಂದು ಭಾವ ಫೋನ್ ಇಟ್ಟರು. ಆಮೇಲೆ ಸುತ್ತಿಗೆ ಎತ್ತಿಕೊಂಡರು. ದೋಣಿಯ ಒಳಪಟ್ಟಿಗಳನ್ನು ಚೂರು ಒಡೆದರೆ ಟ್ಯಾಂಕು ಕೂರುತ್ತದಂತೆ.

ಪಕ್ಕದಲ್ಲೇ ನಿಂತಿದ್ದ ಅಕ್ಕ ಸುತ್ತಿಗೆ ಕಿತ್ತುಕೊಂಡಳು. "ಪ್ಯಾಂಟು ಬಿಗಿ ಆದ್ರ ಸೊಂಟ ಕೊಯ್ತೀರೇನು?"

ಟ್ಯಾಂಕು ಬಳ್ಳಾರಿಗೆ ಮರಳಿತು. ಎರಡನೆಯದು ಕೂತಿತು. ಕೆಳಗೆ ರಬ್ಬರ್ ಪಟ್ಟಿ, ಸುತ್ತ ಗಾಳಿಯಾಡಲು ಜಾಗ, ಹೊಸ ಪೈಪು. ಟ್ಯಾಂಕಿನ ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ತುಂಬಿ, ಬೆಸುಗೆಗಳಿಗೆಲ್ಲ ಸಾಬೂನು ನೀರು ಬಳಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಪೆಟ್ರೋಲ್ ಹಾಕಿ, ಬ್ಯಾಟರಿ ಜೋಡಿಸಿ, ಭಾವ ಜೇಬಿನಿಂದ ಕೀಲಿ ತೆಗೆದರು. "ಈಗ ಹೇಳ್ರಿ ಇಬ್ರೂ."

ಅಕ್ಕ ಬಗ್ಗಿ ಮೂಸಿದಳು. ನಾನೂ ಮೂಸಿದೆ. ವಾಸನೆ ಹಾಗೆಯೇ ಇತ್ತು. ನೆಲದ ಕೆಳಗೆ ನಾವು ತೆಗೆಯದೆ ಬಿಟ್ಟಿದ್ದ ಹಳೆಯ ಫೋಮ್ ಇಷ್ಟು ಕಾಲ ಪೆಟ್ರೋಲ್ ಕುಡಿದಿತ್ತು. ಹಾಗೆಂದು ನಾನು ಅಂದುಕೊಂಡೆ, ಖಚಿತವಾಗಿ ಹೇಳಲಾರೆ. ನಾಳೆ ಹೊಸ ಪೈಪು ಸಡಿಲಾದರೂ ಬರುವುದು ಇದೇ ವಾಸನೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರ್ಪಡಿಸಲು ನಮ್ಮಿಬ್ಬರಿಂದಲೂ ಆಗದು. ಅಷ್ಟನ್ನೇ ಅವರಿಗೆ ಹೇಳಿದೆ.

ಭಾವ ನನ್ನ ಕಡೆ ತಿರುಗಿದರು. "ಹಂಗಾದ್ರ ಮೂಗು ಇಲ್ದೋರು ಈಗ ಮೂರು ಮಂದಿ ಆದ್ವಿ."

ತಮ್ಮ ಮೂಗು ಹೋಗಿದೆ ಎಂದು ಅವರು ಬಾಯಿಬಿಟ್ಟದ್ದು ಅದೇ ಮೊದಲು. ಅಕ್ಕ ತಲೆ ತಗ್ಗಿಸಿದಳು.

ದಡದಲ್ಲಿ ಮಕ್ಕಳನ್ನು ಕರೆತಂದಿದ್ದ ಒಂದು ಸಂಸಾರ ಕಾಯುತ್ತಿತ್ತು. ದೋಣಿ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಅವರಲ್ಲಿನ ಗಂಡಸು ತೆಲುಗಿನಲ್ಲಿ ಕೂಗಿ ಕೇಳಿದ. ಭಾವ ಕೈಯಲ್ಲಿದ್ದ ಕೀಲಿ ನೋಡಿದರು, ಅಕ್ಕನನ್ನು ನೋಡಿದರು.

"ಈ ರೋಜು ಲೇದು ಸಾರ್" ಎಂದರು. ಇವತ್ತಿಲ್ಲ.

ಬ್ಯಾಟರಿಯ ತಂತಿ ಮತ್ತೆ ಬಿಚ್ಚಿದರು. ಹೊಟ್ಟೆಯ ಮೇಲೆ ಮಲಗಿ, ಕೊಯ್ದ ನೆಲದ ಕೆಳಗೆ ಕೈ ಹಾಕಿ ಫೋಮ್ ಕೀಳತೊಡಗಿದರು. ಒದ್ದೆಯಾಗಿ, ಹಿಡಿಹಿಡಿಯಾಗಿ ಬಂತು. ಅಕ್ಕ ಬಕೆಟ್ ಹಿಡಿದು ಪಕ್ಕದಲ್ಲಿ ಕೂತಳು. ಭಾವ ಭುಜದವರೆಗೂ ಕೈ ಇಳಿಸಿ, ಮುಟ್ಟಿದಷ್ಟನ್ನೂ ಕಿತ್ತರು. ಕಿಡಿಯ ಭಯಕ್ಕೆ ಟಾರ್ಚ್ ಹಚ್ಚದೆ, ನಾನು ಬಗ್ಗಿ ಹಗಲಿನ ಬೆಳಕಿನಲ್ಲೇ ನೋಡಿದೆ. ಕೈ ಮುಟ್ಟದ ಕಡೆ ಫೋಮ್ ಇನ್ನೂ ಇತ್ತು.